ಕಾರಿನ ಮೇಲೆ ಬಿದ್ದದ್ದು ಮೇಣವೋ, ಸೊನೆಯೋ, ರಾಳವೋ?

ಪ್ರಶ್ನೆ: ಕಾರಿನ ಬಾನೆಟ್ ಮೇಲೆ ಮರದ ಅಂಟು ಬಿದ್ದು ಒಣಗಿ ಗಟ್ಟಿಯಾಗಿದೆ. ಬಣ್ಣ ಕೆಡದಂತೆ ತೆಗೆಯುವುದು ಹೇಗೆ? ಥಿನ್ನರ್‌ನಲ್ಲಿ ಒರೆಸಿದರೆ ಸಾಕೆಂದು ಎಲ್ಲರೂ ಹೇಳುತ್ತಾರೆ.

ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾಯಿತೆಂದರೆ ನನಗೆ ಈ ಪ್ರಶ್ನೆಯೂ ಶುರುವಾಗುತ್ತದೆ. ಮೂಡಿಗೆರೆ, ಆಲ್ದೂರು, ಕಳಸದ ಕಡೆಯಿಂದ ಚಿಕ್ಕಮಗಳೂರಿಗೆ ಬರುವ ಕಾರುಗಳ ಮೇಲೆ ಕಂದು ಹನಿಗಳು, ಮಾಲೀಕರ ಬಾಯಲ್ಲಿ ಅದೇ ಮಾತು: ‘ಥಿನ್ನರ್ ಹಾಕಿದೆ, ಅಂಟು ಹೋಯಿತು, ಆದರೆ ಆ ಜಾಗ ಮಂಕಾಗಿದೆ.’ ನಾಲ್ಕು ಚಮಚ ಕೊಬ್ಬರಿ ಎಣ್ಣೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಇಪ್ಪತ್ತು ವರ್ಷಗಳಿಂದ ವಾಹನಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಈ ಸಲ ಕಾರಣ ಸಮೇತ ಬರೆದಿಡುತ್ತೇನೆ.

ಮೊದಲು ಬಿದ್ದದ್ದು ಏನೆಂದು ನೋಡಿ. ಎಲ್ಲವನ್ನೂ ‘ಮರದ ಅಂಟು’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ತೊಂದರೆ. ನಮ್ಮ ಹಿರಿಯರು ಹಲಸಿನದನ್ನು ಮೇಣ ಎಂದರು, ಮಾವಿನದನ್ನು ಸೊನೆ ಎಂದರು, ಜಾಲಿ ಮತ್ತು ನುಗ್ಗೆಯದನ್ನು ಗೋಂದು ಎಂದರು, ಧೂಪದ ಮರದ್ದನ್ನು ರಾಳ ಎಂದರು. ಈ ಹೆಸರುಗಳು ಸುಮ್ಮನೆ ಹುಟ್ಟಿದವಲ್ಲ. ನಾಲ್ಕೂ ಬೇರೆ ಬೇರೆ ವಸ್ತುಗಳು, ಬಿಡಿಸುವ ದಾರಿಯೂ ಬೇರೆ. ಗೋಂದು ನೀರಿನಲ್ಲಿ ನೆನೆದು ಉಬ್ಬುತ್ತದೆ. ಸಿಲ್ವರ್ ಓಕ್ ಮರದಿಂದ ಒಸರುವುದೂ ಬಹುಪಾಲು ಇದೇ ಜಾತಿಗೆ ಸೇರಿದ್ದು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಸಾಕು. ರಾಳ ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲ್‌ಗೆ ಕರಗುತ್ತದೆ. ಮಾವಿನ ಸೊನೆಯಲ್ಲಿ ನೀರಿನ ಅಂಶವೂ ಇದೆ, ತುಟಿ ಸುಡುವ ಎಣ್ಣೆಯ ಅಂಶವೂ ಇದೆ. ತನ್ನದೇ ಕಾಯಿಯ ಸಿಪ್ಪೆಯನ್ನು ಕಪ್ಪಾಗಿಸುವ ಸೊನೆ ನಿಮ್ಮ ಕಾರಿಗೆ ದಯೆ ತೋರುವುದಿಲ್ಲ, ಅದನ್ನು ಬಿದ್ದ ದಿನವೇ ತೊಳೆಯಿರಿ.

ನಮ್ಮಲ್ಲಿ ಹೆಚ್ಚು ಕಾಟ ಕೊಡುವುದು ಮೇಣ. ಹಲಸು, ಅತ್ತಿ, ಆಲ ಎಲ್ಲವೂ ಒಂದೇ ಕುಟುಂಬದ ಮರಗಳು. ಅವುಗಳ ಹಾಲಿನಲ್ಲಿ ರಬ್ಬರಿನ ಅಂಶವಿದೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವುದನ್ನು ಮಲೆನಾಡಿನ ಯಾವ ಮನೆಗೂ ಹೇಳಿಕೊಡಬೇಕಿಲ್ಲ. ಹಾಗಿದ್ದೂ ಅಂಗಳಕ್ಕೆ ಬಂದ ಕೂಡಲೇ ಅದೇ ಮೇಣಕ್ಕೆ ಥಿನ್ನರ್ ಡಬ್ಬಿ ಹುಡುಕುವುದೇಕೆ?

ಥಿನ್ನರ್‌ನ ಪರವಾಗಿ ಹೇಳುವುದು ಒಂದೇ ವಾದ: ‘ನಮ್ಮ ಭಾವ ಹಾಕಿದ್ದರು, ಏನೂ ಆಗಲಿಲ್ಲ.’ ಆಗದೇ ಇದ್ದಿರಬಹುದು. ಕಾರ್ಖಾನೆಯಲ್ಲಿ ಬಳಿಯುವ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸುತ್ತಾರೆ. ಆ ಬಿಸಿಗೆ ಬಣ್ಣದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ಸುಲಭಕ್ಕೆ ಕರಗುವುದಿಲ್ಲ. ಆದರೆ ನಿಮ್ಮ ಕಾರಿನ ಎಲ್ಲಾ ಭಾಗವೂ ಕಾರ್ಖಾನೆಯ ಬಣ್ಣದಲ್ಲೇ ಇದೆಯೇ? ನಮ್ಮ ಘಟ್ಟದ ರಸ್ತೆಗಳಲ್ಲಿ ಓಡಾಡಿದ ಕಾರಿಗೆ ಎಲ್ಲಾದರೂ ಒಂದು ಕಡೆ ಟಚ್‌ಅಪ್ ಆಗಿರುತ್ತದೆ. ಸಣ್ಣ ಷೆಡ್‌ಗಳಲ್ಲಿ ಹೊಡೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬರೀ ಆರಿ ಗಟ್ಟಿಯಾದದ್ದು. ಅದರೊಳಗಿದ್ದ ಥಿನ್ನರ್ ಹಾರಿಹೋದ ಮೇಲೆ ಉಳಿದ ಪದರ ಅದು. ಮತ್ತೆ ಥಿನ್ನರ್ ತಾಗಿದರೆ, ಹತ್ತು ವರ್ಷ ಹಳೆಯದಾದರೂ, ಮತ್ತೆ ದ್ರವವಾಗುತ್ತದೆ.

ಇದನ್ನು ನಾನು ಕಲಿತದ್ದು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ. ಬಿಳಿ ಕಾರೊಂದರ ಹಿಂಬಾಗಿಲ ಮೇಲೆ ಹಲಸಿನ ಮೇಣ ಬಿದ್ದಿತ್ತು. ಬಾಗಿಲಿಗೆ ಹಿಂದೊಮ್ಮೆ ಬಣ್ಣ ಹೊಡೆದದ್ದು ನನಗೆ ಗೊತ್ತಿರಲಿಲ್ಲ. ಥಿನ್ನರ್ ಬಟ್ಟೆಯಲ್ಲಿ ಎರಡು ಸಲ ಉಜ್ಜಿ ನೋಡಿದರೆ ಬಟ್ಟೆಯೆಲ್ಲ ಬಿಳಿ. ಮೇಣ ಇದ್ದಲ್ಲೇ ಇತ್ತು, ಅದರ ಸುತ್ತ ಅಂಗೈ ಅಗಲ ಪುಟ್ಟಿ ಕಾಣುತ್ತಿತ್ತು. ಆ ಬಾಗಿಲಿಗೆ ಪೂರ್ತಿ ಮರುಬಣ್ಣ ಹೊಡೆಯಲು ಎರಡು ದಿನ ಹಿಡಿಯಿತು. ಕಾರಿನವರು ಒಂದು ಮಾತೂ ಆಡದೆ ಬಾಗಿಲನ್ನು ನೋಡುತ್ತ ನಿಂತಿದ್ದರು, ಅದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಕಾರ್ಖಾನೆಯ ಬಣ್ಣವೇ ಆಗಿದ್ದರೂ ಥಿನ್ನರ್ ದಡ್ಡ ಆಯ್ಕೆ. ಅದು ನಿಮಿಷದೊಳಗೆ ಆರಿಹೋಗುತ್ತದೆ. ಗಟ್ಟಿ ಮೇಣದ ಒಳಕ್ಕೆ ಇಳಿಯಲು ಅದಕ್ಕೆ ಪುರಸೊತ್ತೇ ಇಲ್ಲ. ಇಳಿಯದ್ದರಿಂದ ನೀವು ಉಜ್ಜುತ್ತೀರಿ. ಕರಗಿದ ಸ್ವಲ್ಪ ಮೇಣ ಸುತ್ತಲೂ ತೆಳ್ಳಗೆ ಹರಡಿ ಮತ್ತೆ ಅಂಟುತ್ತದೆ, ಬಟ್ಟೆಯಲ್ಲಿ ಸೇರಿದ ಧೂಳು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಬಣ್ಣಕ್ಕೆ ಹೊಳಪು ಕೊಡುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ, ದಿನಪತ್ರಿಕೆಯ ಒಂದು ಹಾಳೆಗಿಂತ ತೆಳು. ಬಂಪರ್ ಪ್ಲಾಸ್ಟಿಕ್‌ನದು, ಹೆಡ್‌ಲೈಟ್‌ನ ಹೊದಿಕೆ ಪಾಲಿಕಾರ್ಬೊನೇಟ್. ಥಿನ್ನರ್ ಸೋಕಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕು ಮೂಡಿ ಮಸುಕಾಗುತ್ತದೆ, ಅದಕ್ಕೆ ಮದ್ದಿಲ್ಲ. ಪೆಟ್ರೋಲ್‌ನಲ್ಲಿ ಒರೆಸುವವರೂ ಇದ್ದಾರೆ. ಬೆಂಕಿಯ ಭಯ ಒಂದೇ ಸಾಕು ಅದನ್ನು ಬಿಡಲು. ಸೀಮೆಎಣ್ಣೆ ಅಷ್ಟು ಕೆಟ್ಟದ್ದಲ್ಲ ಎಂದು ಒಪ್ಪುತ್ತೇನೆ, ಆದರೆ ಅದು ಮಾಡುವ ಕೆಲಸವನ್ನು ಅಡುಗೆಮನೆಯ ಎಣ್ಣೆಯೇ ಮಾಡುವಾಗ ಅದನ್ನು ಹುಡುಕಿಕೊಂಡು ಹೋಗುವುದೇಕೆ?

ಎಣ್ಣೆಯ ಗುಣ ಅದರ ನಿಧಾನದಲ್ಲಿದೆ. ಅದು ಆರುವುದಿಲ್ಲ, ಕೂತಲ್ಲೇ ಕೂತು ಮೇಣದೊಳಕ್ಕೆ ಇಳಿಯುತ್ತದೆ.

ಕಾರನ್ನು ನೆರಳಿಗೆ ತನ್ನಿ, ಲೋಹ ತಣ್ಣಗಾಗಲಿ. ಮೊದಲು ನೀರು ಮತ್ತು ಕಾರ್ ಶಾಂಪೂ ಹಾಕಿ ಧೂಳು ತೊಳೆಯಿರಿ; ಈ ಹೆಜ್ಜೆ ಬಿಟ್ಟವರೇ ಗೀರು ತಂದುಕೊಳ್ಳುವವರು. ಕೈ ತಾಳುವಷ್ಟು ಬಿಸಿನೀರಿನ ಬಟ್ಟೆಯನ್ನು ಐದು ನಿಮಿಷ ಹೊದಿಸಿ, ತೆಗೆದು, ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ ಅರ್ಧ ಗಂಟೆ ಬಿಡಿ. ಚಳಿಗಾಲದ ಬೆಳಿಗ್ಗೆ ನಮ್ಮೂರಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಮೃದುವಾದ ಮೈಕ್ರೋಫೈಬರ್ ಬಟ್ಟೆಯಲ್ಲಿ ಅಂಚಿನಿಂದ ಒಳಕ್ಕೆ ಉರುಳಿಸುವಂತೆ ಒರೆಸಿ. ಬಾರದಿದ್ದರೆ ಇನ್ನೊಮ್ಮೆ ಎಣ್ಣೆ, ಇನ್ನರ್ಧ ಗಂಟೆ. ಉಗುರು, ಬ್ಲೇಡು, ತೆಂಗಿನ ನಾರು, ಹಲ್ಲುಜ್ಜುವ ಪೇಸ್ಟ್ ಯಾವುದೂ ಹತ್ತಿರ ಸುಳಿಯಕೂಡದು. ಕೊನೆಗೆ ಶಾಂಪೂವಿನಲ್ಲಿ ಜಿಡ್ಡು ತೊಳೆದು ವ್ಯಾಕ್ಸ್ ಹಚ್ಚಿ.

ರಾಳವಾದರೆ ಎಣ್ಣೆಯ ಬದಲು ಐಸೊಪ್ರೊಪೈಲ್ ಆಲ್ಕೋಹಾಲ್. ಹತ್ತಿಯಲ್ಲಿ ಅದ್ದಿ ಹನಿಯ ಮೇಲೆ ಮಾತ್ರ ಅರ್ಧ ನಿಮಿಷ ಒತ್ತಿಟ್ಟು ಒರೆಸಿ ತೊಳೆಯಿರಿ. ಮೊದಲು ಬಾಗಿಲಿನ ಒಳ ಅಂಚಿನಲ್ಲಿ ಪರೀಕ್ಷಿಸಿ. ಟಚ್‌ಅಪ್ ಆದ ಜಾಗ ಮೆತ್ತಗಾದರೆ ಅಲ್ಲಿಗೇ ನಿಲ್ಲಿಸಿ. ಅಂಟು ಹೋದ ಮೇಲೂ ಹನಿಯ ಆಕಾರದ ಗುರುತು ಉಳಿದಿದ್ದರೆ ಬಿಸಿಲಿಗೆ ಅದು ಕ್ಲಿಯರ್ ಕೋಟ್‌ಗೇ ಕಚ್ಚಿದೆ ಎಂದರ್ಥ. ಅದಕ್ಕೆ ಪಾಲಿಶ್ ಬೇಕು, ತಿಳಿದವರ ಕೈಯಲ್ಲಿ ಮಾಡಿಸಿ.

ಇನ್ನೊಂದು ವಿಷಯ. ‘ಮಾವಿನ ಮರದಿಂದ ಅಂಟು ತುಂತುರು ಮಳೆಯಂತೆ ಬೀಳುತ್ತಿದೆ, ಗಾಜೆಲ್ಲ ಜಿಗುಟು’ ಎಂದು ಹೂವಿನ ಕಾಲದಲ್ಲಿ ದೂರುತ್ತಾರೆ. ಅದು ಮರದ್ದೇ ಅಲ್ಲ. ಹೂಗೊಂಚಲಿಗೆ ಮುತ್ತಿದ ಜಿಗಿಹುಳುಗಳು ರಸ ಹೀರಿ ಹೊರಹಾಕುವ ಸಕ್ಕರೆ ನೀರು. ಕಾಫಿ ಬೆಳೆಗಾರರಿಗೆ ಇದು ಹೊಸತಲ್ಲ: ಹಸಿರು ಶಲ್ಕ ಕೀಟ ಹತ್ತಿದ ಗಿಡದ ಎಲೆಗಳ ಮೇಲೆ ಇಂಥದೇ ಸಿಹಿ ಜಿಗುಟು ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಎಲೆ ಮಸಿ ಬಳಿದಂತಾಗುತ್ತದೆ. ಕಾರಿನ ಮೇಲಿನ ಕಪ್ಪು ಚುಕ್ಕೆಗಳೂ ಅದೇ ಬೂಷ್ಟು. ಎಣ್ಣೆ, ಆಲ್ಕೋಹಾಲ್ ಏನೂ ಬೇಡ, ಬೆಚ್ಚಗಿನ ನೀರಿಗೆ ಸಕ್ಕರೆ ಕರಗಿ ಹೋಗುತ್ತದೆ. ತಡಮಾಡಿದರೆ ಮಾತ್ರ ಬೂಷ್ಟು ಹಿಡಿದುಕೊಳ್ಳುತ್ತದೆ. ನೆರಳಿಗೆ ಕಾರು ನಿಲ್ಲಿಸುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ. ಎಲೆಗಳನ್ನು ಹೊಲಿದ ಚಗಳಿ ಇರುವೆಯ ಗೂಡು ಕಂಡರೆ ಹತ್ತು ಮಾರು ಆಚೆ ನಿಲ್ಲಿಸಿ. ಸಿಹಿ ಒಸರುವ ಕೀಟಗಳನ್ನು ಆ ಇರುವೆಗಳು ಕಾಯ್ದು ಸಾಕುತ್ತವೆ, ಆದ್ದರಿಂದ ಆ ಕೊಂಬೆಯಲ್ಲಿ ಅವು ಇರುವ ಸಾಧ್ಯತೆ ಹೆಚ್ಚು.