ಜಗಳದ ಮನೆಯಲ್ಲಿ ಓಸಿಡಿ

“ಬಚ್ಚಲಲ್ಲಿ ಇಷ್ಟೊತ್ತು ಏನ್ ಮಾಡ್ತೀಯಾ?” “ಬಾಗಿಲು ಹಾಕಿದೀನಿ ಅಂತ ಎಷ್ಟು ಸಲ ಹೇಳಬೇಕು?” ಓಸಿಡಿ (ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಗೀಳಿನ ಕಾಯಿಲೆ) ಇರುವ ಹದಿಹರೆಯದ ಮಕ್ಕಳು ದಿನಾ ಕೇಳುವ ಮಾತುಗಳಿವು. ಮನೆಯವರಿಗೆ ಅದು ಹಠ ಅನ್ನಿಸುತ್ತದೆ. ಮಗುವಿಗೋ ತಡೆಯಲಾಗದ ಭಯ.

ನೂರರಲ್ಲಿ ಒಬ್ಬಿಬ್ಬರನ್ನು ಕಾಡುವ ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಎಳೆಯ ವಯಸ್ಸಿನಲ್ಲೇ. ಬೇಡವೆಂದರೂ ಒಂದು ಯೋಚನೆ ನುಗ್ಗುತ್ತದೆ: ಕೈಯಲ್ಲಿ ಕೊಳೆ ಉಳಿದಿದೆ, ಅಮ್ಮನಿಗೆ ಏನೋ ಆಗುತ್ತದೆ. ತೊಳೆದರೆ, ಎಣಿಸಿದರೆ ಭಯ ಸ್ವಲ್ಪ ಇಳಿಯುತ್ತದೆ. ‘ತೊಳೆದಿದ್ದಕ್ಕೇ ಬಚಾವಾದೆ’ ಅಂತ ಮಿದುಳು ಕಲಿತುಬಿಡುತ್ತದೆ. ಮುಂದಿನ ಸಲ ಇನ್ನೂ ಜಾಸ್ತಿ ತೊಳೆಯಬೇಕು.

ಅಪ್ಪ ಅಮ್ಮನ ಜಗಳದಿಂದಲೇ ಓಸಿಡಿ ಬರುತ್ತದಾ? ಹಾಗೆ ಹೇಳಲಾಗದು. ವಂಶವಾಹಿಗಳ ಪಾಲು ದೊಡ್ಡದಿದೆ. ಆದರೆ ಒತ್ತಡ ಏರಿದರೆ ಲಕ್ಷಣಗಳೂ ಏರುತ್ತವೆ. ಗೀಳು ಮನೆಯ ಭಯವನ್ನೇ ಹಿಡಿದುಕೊಳ್ಳಬಹುದು: ‘ಸ್ವಿಚ್ಚನ್ನು ನಾಲ್ಕು ಸಲ ಮುಟ್ಟದಿದ್ದರೆ ಇವತ್ತು ಅಪ್ಪ ಅಮ್ಮನನ್ನು ಹೊಡೆಯುತ್ತಾರೆ.’ ಜಗಳ ಆಗದಿದ್ದರೆ ಮುಟ್ಟಿದ್ದು ಫಲಿಸಿತು ಅನ್ನಿಸುತ್ತದೆ. ಜಗಳ ಆಗಿಯೇಬಿಟ್ಟರೆ? ‘ನಾನು ಸರಿಯಾಗಿ ಮುಟ್ಟಲಿಲ್ಲ.’ ದೊಡ್ಡವರ ತಪ್ಪನ್ನು ಮಗು ಹೀಗೆ ತನ್ನ ತಲೆಗೆ ಕಟ್ಟಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ಸಂಕಟದ ವಿಷಯ.

ಇಂಥ ಮನೆಯಲ್ಲಿ ಎಷ್ಟೋ ಸಲ ಒಬ್ಬರು ಬೈಯುತ್ತಾರೆ. ಇನ್ನೊಬ್ಬರು ಮಗು ಅಳುವುದನ್ನು ನೋಡಲಾರದೆ “ಬಾಗಿಲು ಹಾಕಿದೀನಿ ಕಣೋ” ಅಂತ ಹತ್ತು ಸಲ ಹೇಳುತ್ತಾರೆ. ಬೈಗುಳ ಒತ್ತಡ ಹೆಚ್ಚಿಸುತ್ತದೆ, ಭರವಸೆ ಗೀಳಿಗೆ ಮೇವಾಗುತ್ತದೆ. ಆಮೇಲೆ ಅದೇ ವಿಷಯಕ್ಕೆ ಇಬ್ಬರ ನಡುವೆ ಇನ್ನೊಂದು ಜಗಳ.

1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಒಂದು ದಾರಿ ತೋರಿಸಿದರು: ಭಯದ ವಸ್ತುವನ್ನು ಮುಟ್ಟಬೇಕು, ಆಮೇಲೆ ತೊಳೆಯಬಾರದು. ಈಗ ಚಿಕಿತ್ಸಕರು ಸುಲಭದ ಹೆಜ್ಜೆಯಿಂದ ಶುರುಮಾಡಿಸುತ್ತಾರೆ. ತೊಳೆಯದಿದ್ದರೂ ಭಯ ತಡೆದುಕೊಳ್ಳಬಹುದು ಅಂತ ಮಗು ಕಲಿಯುತ್ತದೆ. 7ರಿಂದ 17 ವಯಸ್ಸಿನವರ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದರಲ್ಲಿ (2004) ಇಂಥ ಚಿಕಿತ್ಸೆಯ ಜೊತೆ ಸರ್ಟ್ರಲಿನ್ ಮಾತ್ರೆ ಕೊಟ್ಟಾಗ ಎಲ್ಲಕ್ಕಿಂತ ಒಳ್ಳೆಯ ಫಲ ಸಿಕ್ಕಿತು.

ಅಪ್ಪ ಅಮ್ಮನೂ ಕಲಿಯಬೇಕು. ಹತ್ತನೇ ಸಲ ಉತ್ತರ ಕೊಡುವ ಬದಲು “ಭಯ ಆಗ್ತಿದೆ ಅಂತ ಗೊತ್ತು, ನೀನು ತಡ್ಕೋತೀಯ” ಅನ್ನಬೇಕು. ಇದನ್ನು ಒಮ್ಮೆಗೇ ಹೇರಬಾರದು. ಚಿಕಿತ್ಸಕರ ಜೊತೆ, ಮಗುವಿಗೆ ಮೊದಲೇ ಹೇಳಿ, ನಿಧಾನವಾಗಿ ಮಾಡಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಕ್ಕಳೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.