ಫೀಸ್ ಕಟ್ಟುವ ಮೊದಲು: ಪರೀಕ್ಷೆ ನಡೆಸೋರು ಯಾರು?

“ಸಿಇಎಚ್ ಮುಗಿಸೀನ್ರಿ ಸರ್”, ಅಂದರೆ ಸೈಬರ್ ಸೆಕ್ಯುರಿಟಿಯ ‘ಸರ್ಟಿಫೈಡ್ ಎಥಿಕಲ್ ಹ್ಯಾಕರ್’ ಪ್ರಮಾಣಪತ್ರ ಪಡೆದೆ, ಅನ್ನುವ ಹುಡುಗನಿಗೆ ಪರೀಕ್ಷೆ ಯಾವಾಗ ಬರೆದಿ ಎಂದು ಕೇಳಿ ನೋಡಿ. ಎಷ್ಟೋ ಜನ ಫೈಲಿನಿಂದ ತೆಗೆದು ತೋರಿಸುವುದು ತರಬೇತಿ ಕೇಂದ್ರದವರೇ ಮುದ್ರಿಸಿ ಸಹಿ ಹಾಕಿಕೊಟ್ಟ ಬಣ್ಣದ ಹಾಳೆ. ಕಲಬುರಗಿಯಲ್ಲೇ ಕಲಿತವರಾಗಲಿ, ಬೀದರಿನಿಂದ ಬಸ್ಸು ಹತ್ತಿ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ರೂಮು ಹಿಡಿದು ಕಲಿತವರಾಗಲಿ, ಸೈಬರ್ ಸೆಕ್ಯುರಿಟಿ ಕೋರ್ಸಿನಲ್ಲಿ ಎಡವುವುದು ಬಹುತೇಕ ಇದೇ ಜಾಗದಲ್ಲಿ. ಅದಕ್ಕೇ ಈ ಸಲ ಇದೊಂದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿಗೆ ಟ್ಯೂಷನ್ ಹೇಳುವ ಮಾಸ್ತರು ಎಷ್ಟೇ ಚೆನ್ನಾಗಿ ಕಲಿಸಲಿ, ಮಾರ್ಕ್ಸ್ ಕಾರ್ಡ್ ಕೊಡುವುದು ಮಂಡಳಿ. ಇಲ್ಲಿಯೂ ಅಷ್ಟೇ. ಸಿಇಎಚ್ ಪರೀಕ್ಷೆ ಇಸಿ-ಕೌನ್ಸಿಲ್ ಎಂಬ ಸಂಸ್ಥೆಯದು; ಇಂಥವೇ ಬೇರೆ ಭದ್ರತಾ ಪರೀಕ್ಷೆಗಳಲ್ಲಿ ಸೆಕ್ಯುರಿಟಿ ಪ್ಲಸ್ ಕಾಂಪ್ಟಿಯಾ ಸಂಸ್ಥೆಯದು, ಒಎಸ್‌ಸಿಪಿ ಆಫ್‌ಸೆಕ್ ಸಂಸ್ಥೆಯದು. ಕೇಂದ್ರದವರು ಕೊಡುವ ‘ಕೋರ್ಸ್ ಕಂಪ್ಲೀಷನ್’ ಹಾಳೆ ನೀವು ಕ್ಲಾಸಿಗೆ ಬಂದಿದ್ದಿರಿ ಎಂದಷ್ಟೇ ಹೇಳುತ್ತದೆ. ಪರೀಕ್ಷೆ ಪಾಸಾದವರಿಗೆ ಆಯಾ ಸಂಸ್ಥೆಯೇ ಸಂಖ್ಯೆ ಕೊಡುತ್ತದೆ. ಕೆಲಸ ಕೊಡುವವರು ಅದನ್ನು ಆನ್‌ಲೈನಿನಲ್ಲಿ ಹಾಕಿ ನೋಡಬಹುದು.

ಇದರಲ್ಲೇ ಇನ್ನೊಂದು ತೊಡಕಿದೆ, ಅದು ಯಾರಿಗೂ ಗೊತ್ತಿರುವುದಿಲ್ಲ. ಬೋರ್ಡಿನ ಮೇಲೆ “ಸಿಇಎಚ್ ಸಿಲಬಸ್ ಪ್ರಕಾರ” ಎಂದಿದ್ದರೆ ಆ ಕೇಂದ್ರಕ್ಕೆ ಇಸಿ-ಕೌನ್ಸಿಲ್‌ನ ಮಾನ್ಯತೆ ಇದೆ ಎಂದಾಗುವುದಿಲ್ಲ. ಮಾನ್ಯತೆ ಪಡೆದ ತರಬೇತಿ ಮುಗಿಸಿದವರು ನೇರವಾಗಿ ಪರೀಕ್ಷೆಗೆ ಕೂರಬಹುದು. ಉಳಿದವರು ಮಾಹಿತಿ ಭದ್ರತೆಯಲ್ಲಿ 2 ವರ್ಷ ಕೆಲಸ ಮಾಡಿದ ಪುರಾವೆ ತೋರಿಸಬೇಕು, ಜೊತೆಗೆ ಅರ್ಜಿ ಶುಲ್ಕವೆಂದು 100 ಡಾಲರ್ ಕಟ್ಟಬೇಕು, ಅದು ಮರಳಿ ಬರುವುದಿಲ್ಲ. ಈಗಷ್ಟೇ ಬಿಇ ಅಥವಾ ಬಿಸಿಎ ಮುಗಿಸಿದ ಹುಡುಗಿಗೆ 2 ವರ್ಷದ ಅನುಭವ ಎಲ್ಲಿಂದ ಬರಬೇಕು? ಆರು ತಿಂಗಳು ಕಲಿತ ಮೇಲೆ ಈ ಮಾತು ತಿಳಿದರೆ ಮನೆಯವರ ಹಣವೂ ಹೋಯಿತು, ಆಕೆಯ ಹುರುಪೂ ಹೋಯಿತು. ಆದ್ದರಿಂದ ಕೇಂದ್ರದವರ ಮಾತು ನಂಬುವ ಮೊದಲು ಇಸಿ-ಕೌನ್ಸಿಲ್‌ನ ಜಾಲತಾಣದಲ್ಲಿ ಮಾನ್ಯತೆ ಪಡೆದ ಕೇಂದ್ರಗಳನ್ನು ಹುಡುಕಿ ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ, ಹಣ ಕಟ್ಟುವ ವಾರವೇ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸೆಕ್ಯುರಿಟಿ ಪ್ಲಸ್‌ಗೆ ಇಂಥ ಕಡ್ಡಾಯ ಅನುಭವ ಇಲ್ಲ. ಗರಿಷ್ಠ 90 ಪ್ರಶ್ನೆ, 90 ನಿಮಿಷ, 900ಕ್ಕೆ 750 ಬಂದರೆ ಪಾಸು, ಪ್ರಮಾಣಪತ್ರ 3 ವರ್ಷ ನಡೆಯುತ್ತದೆ. ಹೊಸಬರಿಗೆ ಇದು ಹದವಾದ ಮೊದಲ ಮೆಟ್ಟಿಲು ಎಂಬುದು ನನ್ನ ಅಭಿಪ್ರಾಯ. ಸಿಐಎಸ್‌ಎಸ್‌ಪಿ ಎಂಬ ಹಿರಿಯರ ಭದ್ರತಾ ಪ್ರಮಾಣಪತ್ರದ ಹೆಸರು ಹೇಳಿ ವಿದ್ಯಾರ್ಥಿಗಳಿಂದ ಹಣ ಕಟ್ಟಿಸಿಕೊಳ್ಳುವವರ ಹತ್ತಿರ ಮಾತ್ರ ನಿಲ್ಲಬೇಡಿ: ಆ ಪ್ರಮಾಣಪತ್ರಕ್ಕೆ 5 ವರ್ಷದ ಅನುಭವ ಬೇಕು.

ಡೆಮೊ ಕ್ಲಾಸಿಗೆ ಹೋದಾಗ ಸ್ಲೈಡ್ ನೋಡಿ ಬರಬೇಡಿ, ಲ್ಯಾಬ್ ತೋರಿಸಿ ಎನ್ನಿ. ಹೊಸಬರಿಗೆ ಮೊದಲು ಸಿಗುವ ಕೆಲಸ ಸಾಮಾನ್ಯವಾಗಿ ಎಸ್‌ಒಸಿಯಲ್ಲಿ (ಕಂಪನಿಯ ಜಾಲವನ್ನು ಕಾಯುವ ಭದ್ರತಾ ಕೇಂದ್ರ), ಪಾಳಿಯ ಮೇಲೆ ಕೂತು ಲಾಗ್, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ಘಟನೆಗಳ ದಾಖಲೆ, ಓದುವುದು. ಹಾಗಾಗಿ ಒಂದು ವಿಂಡೋಸ್ ಲಾಗ್ ತೆರೆದು ವಿವರಿಸಲು ಕೇಳಿ. ಉದಾಹರಣೆಗೆ, ಒಂದೇ ಐಪಿ ವಿಳಾಸದಿಂದ (ಜಾಲದಲ್ಲಿ ಒಂದು ಯಂತ್ರದ ವಿಳಾಸ) ನಿಮಿಷದೊಳಗೆ ನಲವತ್ತು ಸಲ 4625 ಎಂಬ ಘಟನಾಸಂಖ್ಯೆ, ಅದರ ಬೆನ್ನಿಗೇ ಒಂದು 4624 ಇದೆ ಎನ್ನಿ. ಮೊದಲನೆಯದು ಲಾಗಿನ್ ವಿಫಲ, ಎರಡನೆಯದು ಸಫಲ. ಅಂದರೆ ಯಾರೋ ಪಾಸ್‌ವರ್ಡ್ ಊಹಿಸುತ್ತ ಊಹಿಸುತ್ತ ಕೊನೆಗೆ ಒಳಗೆ ಬಂದಿರಬಹುದು. ಆ 4624ರಲ್ಲಿ ಲಾಗಾನ್ ಟೈಪ್ 10 ಎಂದಿದ್ದರೆ ಬಂದದ್ದು ರಿಮೋಟ್ ಡೆಸ್ಕ್‌ಟಾಪ್ ಮೂಲಕ, ಅಂದರೆ ದೂರದಿಂದಲೇ ಪರದೆ ತೆರೆದು. ಯಾವ ಖಾತೆ, ಒಳಗೆ ಬಂದ ಮೇಲೆ ಏನು ಓಡಿಸಿದರು, ಮೊದಲು ಏನನ್ನು ತಡೆಯಬೇಕು ಎಂಬುದನ್ನು ಪರದೆಯ ಮೇಲೆ ತೋರಿಸಬಲ್ಲ ಮಾಸ್ತರು ಸಿಕ್ಕರೆ ಅಲ್ಲೇ ಸೇರಿ, ಬೋರ್ಡು ಸಣ್ಣದಿದ್ದರೂ ಚಿಂತೆಯಿಲ್ಲ. ಟಿಸಿಪಿ, ಸಬ್‌ನೆಟ್, ಲಿನಕ್ಸ್ ಕಮಾಂಡಿನಂಥ ತಳಪಾಯದ ಪಾಠ ಬಿಟ್ಟು ಮೊದಲ ದಿನವೇ ಪಕ್ಕದ ಮನೆಯ ವೈಫೈ ಒಡೆದು ತೋರಿಸುವವರಿದ್ದರೆ ಎದ್ದು ಬನ್ನಿ. ಒಪ್ಪಿಗೆಯಿಲ್ಲದೆ ಬೇರೆಯವರ ಜಾಲಕ್ಕೆ ಕೈಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಅಪರಾಧವಾಗಬಹುದು, 3 ವರ್ಷದವರೆಗೆ ಜೈಲು ಆಗಬಹುದು. ಅಭ್ಯಾಸ ನಡೆಯಬೇಕಾದದ್ದು ವರ್ಚುವಲ್‌ಬಾಕ್ಸ್‌ನಲ್ಲಿ (ಒಂದೇ ಲ್ಯಾಪ್‌ಟಾಪಿನೊಳಗೆ ವರ್ಚುವಲ್ ಮಷೀನ್ ಎಂಬ ಬೇರೆ ಕಂಪ್ಯೂಟರುಗಳನ್ನು ನಡೆಸುವ ತಂತ್ರಾಂಶ), ಹೊರಗಿನ ಇಂಟರ್ನೆಟ್ಟಿಗೆ ತಾಗದ ಹೋಸ್ಟ್-ಓನ್ಲಿ ಜಾಲದಲ್ಲಿ.

ಲ್ಯಾಪ್‌ಟಾಪಿಗೆ 16 ಜಿಬಿ ರ‍್ಯಾಮ್ ಇದ್ದರೆ ನಿರಾಳ; 8 ಜಿಬಿಯಲ್ಲಿ ಭದ್ರತಾ ಪರೀಕ್ಷೆಯ ಸಲಕರಣೆಗಳಿರುವ ಒಂದು ‘ಕಾಲಿ’ (Kali) ಲಿನಕ್ಸ್, ದಾಳಿಯ ಅಭ್ಯಾಸಕ್ಕೆ ಗುರಿಯಾಗುವ ಒಂದು ಸಣ್ಣ ಯಂತ್ರ ಹೇಗೋ ನಡೆಯುತ್ತವೆ. ವರ್ಚುವಲ್ ಮಷೀನ್ ಶುರುವೇ ಆಗದಿದ್ದರೆ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯಬೇಡಿ, ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಬಯೋಸ್ ಸೆಟ್ಟಿಂಗಿನಲ್ಲಿ ವರ್ಚುವಲೈಸೇಷನ್ ಆಫ್ ಇದೆಯೇ ನೋಡಿ.

ಇನ್ನು ಹಣದ ಮಾತು. ನಮ್ಮ ಭಾಗದ ರೈತರು ತೊಗರಿ ಬೀಜ ತರುವಾಗ ಚೀಲದ ಚೀಟಿಯಲ್ಲಿ ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಅವಧಿ ಓದುತ್ತಾರೆ, ರಸೀದಿಯನ್ನು ಸುಗ್ಗಿಯವರೆಗೆ ಇಟ್ಟುಕೊಳ್ಳುತ್ತಾರೆ. ಮಗನ ಕೋರ್ಸಿಗೆ ಅದರ ಹತ್ತು ಪಟ್ಟು ಕಟ್ಟುವಾಗ ಅದೇ ಅಪ್ಪ ಬಾಯಿಮಾತಿಗೆ ಒಪ್ಪುತ್ತಾರಲ್ಲ, ಅದಕ್ಕೆ ಸಂಕಟವಾಗುತ್ತದೆ. ಫೀಸಿನಲ್ಲಿ ಪರೀಕ್ಷೆಯ ವೋಚರ್ (ಪರೀಕ್ಷಾ ಶುಲ್ಕ ಕಟ್ಟಿದ್ದಕ್ಕೆ ಸಿಗುವ ಕೋಡ್) ಸೇರಿದೆಯೇ, ಯಾವ ಪರೀಕ್ಷೆಯದು, ಯಾವ ಆವೃತ್ತಿಯದು, ಅವಧಿ ಎಲ್ಲಿಯವರೆಗೆ, ಫೇಲಾದರೆ ಮರುಪರೀಕ್ಷೆಯ ಖರ್ಚು ಯಾರದು, ನಡುವೆ ಬಿಟ್ಟರೆ ಎಷ್ಟು ವಾಪಸು: ಇಷ್ಟನ್ನು ಲೆಟರ್‌ಹೆಡ್ಡಿನ ಮೇಲೆ ಬರೆಸಿಕೊಳ್ಳಿ. ಆವೃತ್ತಿ ಯಾಕೆಂದರೆ ಸೆಕ್ಯುರಿಟಿ ಪ್ಲಸ್‌ನ ಎಸ್‌ವೈ0-601 ಪರೀಕ್ಷೆ 2024ರ ಜುಲೈನಲ್ಲೇ ನಿಂತಿದೆ. ಅದರ ನೋಟ್ಸ್ ಹಿಡಿದು ಓದಿದರೆ ಅದರ ಬದಲಿಗೆ ಬಂದ 701ಕ್ಕೆ ಸಾಲದು. “ನೂರಕ್ಕೆ ನೂರು ಪ್ಲೇಸ್‌ಮೆಂಟ್” ಎಂಬ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಪರೀಕ್ಷೆಗೆ ನೋಂದಾಯಿಸುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿದ್ದಂತೆಯೇ ಬರೆಯಿರಿ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಚೀಟಿಯಲ್ಲಿ ಅಪ್ಪನ ಹೆಸರು ಪೂರ್ತಿ ಎಂದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿಂದಲೇ ಮರಳಿ ಕಳಿಸಬಹುದು. ಮನೆಯಿಂದ ಬರೆಯುವವರು ರೂಟರಿಗೂ ಯುಪಿಎಸ್ ಜೋಡಿಸಿರಿ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿದ್ದರೂ ಕರೆಂಟು ಹೋದ ಕೂಡಲೇ ವೈಫೈ ಹೋಗುತ್ತದೆ.