ಮರಳಗಾಲದ ಬಂಡೆ, ಮನಸ್ಸಿನ ಮದ್ದು

ಶ್ರೀರಂಗಪಟ್ಟಣದ ಪಕ್ಕದ ಮರಳಗಾಲ, ಅಲ್ಲಾಪಟ್ಟಣಗಳ ಸುತ್ತ ಲಿಥಿಯಂ ಇದೆಯೆಂಬ ಸುದ್ದಿ 2020ರಲ್ಲಿ ಬಂದಾಗ ಮಂಡ್ಯದ ಟೀ ಅಂಗಡಿಗಳಲ್ಲಿ ಬ್ಯಾಟರಿಯದೇ ಮಾತು. ಮೊದಲು 14,100 ಟನ್ ಅಂದರು. ಮರುವರ್ಷ ಲೆಕ್ಕ 1,600 ಟನ್ನಿಗೆ ಇಳಿಯಿತು, ಮಾತೂ ಇಳಿಯಿತು. ನನಗೆ ಮಾತ್ರ ಆಗ ನೆನಪಾದದ್ದು ಔಷಧದಂಗಡಿಯ ಲಿಥಿಯಂ ಕಾರ್ಬೊನೇಟ್ ಮಾತ್ರೆ. ಆ ಮಾತ್ರೆಗೂ ಈ ಬಂಡೆಗೂ ವ್ಯಾಪಾರದ ನಂಟೇನಿಲ್ಲ, ಧಾತು ಒಂದೇ ಅಷ್ಟೆ. ಆದರೂ ಮರುಳಿಗೆ ಮರಳಗಾಲದಲ್ಲೇ ಮದ್ದು ಅನ್ನುವ ಶ್ಲೇಷೆಯನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಊರಿನವರು ಮುನಿಯಬಾರದು.

ಈ ಮಾತ್ರೆ ಬೈಪೋಲಾರ್ ಕಾಯಿಲೆಗೆ. ಇದ್ದಕ್ಕಿದ್ದಂತೆ ಒಬ್ಬನಿಗೆ ನಿದ್ದೆಯೇ ಬೇಡವಾಗುತ್ತದೆ. ಮಾತು ನಿಲ್ಲುವುದಿಲ್ಲ, ಗದ್ದೆ ಅಡವಿಟ್ಟು ಲಾರಿಗೆ ಅಡ್ವಾನ್ಸ್ ಕೊಟ್ಟು ಬರುತ್ತಾನೆ. ಕೆಲವು ತಿಂಗಳು ಕಳೆದರೆ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳಲಾರ. ಮೊದಲನೆಯದಕ್ಕೆ ಊರಲ್ಲಿ ‘ಗಾಳಿ ಸೋಕಿದೆ’ ಅನ್ನುತ್ತಾರೆ, ಎರಡನೆಯದಕ್ಕೆ ‘ಸೋಂಬೇರಿ’ ಅನ್ನುತ್ತಾರೆ. ಎರಡೂ ಒಂದೇ ಕಾಯಿಲೆಯ ಎರಡು ಮುಖ ಎಂದು ಮನೆಯವರಿಗೆ ಹೊಳೆಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಲಿಥಿಯಂ ಇದಕ್ಕೆ ಮದ್ದಾದ ಕಥೆ ತಪ್ಪು ಊಹೆಯೊಂದರಿಂದ ಶುರುವಾಗುತ್ತದೆ. ಆಸ್ಟ್ರೇಲಿಯಾದ ಜಾನ್ ಕೇಡ್ ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜಪಾನೀಯರ ಸೆರೆಯಲ್ಲಿದ್ದ ವೈದ್ಯ. ಉನ್ಮಾದಕ್ಕೆ, ಅಂದರೆ ಕಾಯಿಲೆಯ ಆ ಮೊದಲ ಮುಖಕ್ಕೆ, ದೇಹದೊಳಗೆ ಹುಟ್ಟುವ ಯಾವುದೋ ವಿಷ ಕಾರಣ, ಅದು ಮೂತ್ರದಲ್ಲಿ ಇಳಿದುಬರಬೇಕು ಎಂಬುದು ಅವರ ತರ್ಕ. ಮೆಲ್ಬರ್ನ್ ಬಳಿಯ ಆಸ್ಪತ್ರೆಯೊಂದರ ಪಾಳುಬಿದ್ದ ಅಡುಗೆಕೋಣೆಯಲ್ಲಿ ರೋಗಿಗಳ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚುತ್ತಾ ಕೂತರು. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಪಾತ್ರವೇನೆಂದು ನೋಡಬೇಕಿತ್ತು, ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗದು. ಆ ಆಮ್ಲದ ಕರಗುವ ಲವಣ, ಅಂದರೆ ಯೂರೇಟ್, ಬೇಕೆಂದು ಲಿಥಿಯಂ ಸೇರಿಸಿದರು, ಅಷ್ಟೇ ಉದ್ದೇಶ. ಇಲಿಗಳು ತೆಪ್ಪಗಾದವು, ಅಂಗಾತ ಮಲಗಿಸಿದರೂ ಸುಮ್ಮನೆ ಬಿದ್ದಿದ್ದವು. ಬಹುಶಃ ಅವಕ್ಕೆ ನಂಜೇರಿತ್ತು! ಕೇಡ್ ಮಾತ್ರ ಅದನ್ನು ಶಾಂತಿ ಎಂದು ಓದಿಕೊಂಡರು, ಮೊದಲು ತಾವೇ ನುಂಗಿ ನೋಡಿದರು, ಆಮೇಲೆ ಹತ್ತು ಮಂದಿ ಉನ್ಮಾದದ ರೋಗಿಗಳಿಗೆ ಕೊಟ್ಟರು. ವರ್ಷಗಟ್ಟಲೆ ಕೂಗಾಡುತ್ತಿದ್ದ ಮೊದಲ ರೋಗಿ ಕೆಲವೇ ತಿಂಗಳಲ್ಲಿ ಮನೆಗೆ ಹೋದ. 1949ರಲ್ಲಿ ವರದಿ ಅಚ್ಚಾಯಿತು.

ಅದೇ ವರ್ಷ ಅಮೆರಿಕದಲ್ಲಿ, ಉಪ್ಪು ಬಿಡಬೇಕಾದ ಹೃದ್ರೋಗಿಗಳು ಬದಲಿಗೆ ಲಿಥಿಯಂ ಕ್ಲೋರೈಡನ್ನು ಊಟಕ್ಕೆ ಉದುರಿಸಿಕೊಂಡು ಕೆಲವರು ಸತ್ತರು. ಕೇಡ್ ಅವರ ಆ ಮೊದಲ ರೋಗಿಯೂ ಕೊನೆಗೆ ಲಿಥಿಯಂ ನಂಜಿನಿಂದಲೇ ತೀರಿಕೊಂಡ. ಡೆನ್ಮಾರ್ಕಿನ ಮೊಗೆನ್ಸ್ ಷೌ 1954ರಿಂದ ಪಟ್ಟುಹಿಡಿದು ಪರೀಕ್ಷೆಗಳನ್ನು ನಡೆಸದಿದ್ದರೆ ಈ ಮದ್ದು ಮೂಲೆಗುಂಪಾಗುತ್ತಿತ್ತು. ಅಮೆರಿಕ ಒಪ್ಪಿದ್ದು 1970ರಲ್ಲಿ.

ಗುಣ ಮಾಡುವುದಕ್ಕೂ ಕೊಲ್ಲುವುದಕ್ಕೂ ನಡುವೆ ಇಷ್ಟು ಕಿರಿದಾದ ಬದು ಯಾಕೆ? ಆವರ್ತ ಕೋಷ್ಟಕದಲ್ಲಿ ಲಿಥಿಯಂ ಸೋಡಿಯಂನ ತಲೆಯ ಮೇಲೇ ಕೂತಿದೆ, ಒಂದೇ ಮನೆತನ. ನಮ್ಮ ಮೂತ್ರಪಿಂಡಕ್ಕೆ ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಕಷ್ಟ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಅದು ಸೋಡಿಯಂ ಹೋಗದಂತೆ ಬಾಗಿಲು ಹಾಕಿಕೊಳ್ಳುತ್ತದೆ, ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯದೆ ಕಬ್ಬು ಕಡಿಯುವವನಿಗೆ ನಿನ್ನೆಯವರೆಗೆ ಸರಿಯಿದ್ದ ಮಾತ್ರೆ ಇವತ್ತು ಜಾಸ್ತಿಯಾಗಬಹುದು. ಬಿಪಿ ಬಂತೆಂದು ಯಾರದೋ ಮಾತು ಕೇಳಿ ಸಾರಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದರೂ ಅದೇ ಕಥೆ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್ ಇನ್ನೊಂದು ಕಳ್ಳದಾರಿ. ನಂಜೇರಿದಾಗ ವಾಂತಿ, ಭೇದಿ, ಕೈನಡುಕ, ತೊದಲು, ತೂರಾಟ. ನೋಡಿದವರು ‘ಕುಡ್ದವ್ನೆ ಬುಡಿ’ ಎಂದು ದಾಟಿಕೊಂಡು ಹೋಗುವ ಅಪಾಯ ಇಲ್ಲೇ ಇರುವುದು.

ಅದಕ್ಕೇ ರಕ್ತಪರೀಕ್ಷೆ. ರಕ್ತದಲ್ಲಿ ಲಿಥಿಯಂ ಒಂದು ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ, 1.5 ದಾಟಿದರೆ ಗಾಬರಿ. ಥೈರಾಯ್ಡ್ ಮತ್ತು ಮೂತ್ರಪಿಂಡವನ್ನೂ ಆಗಾಗ ನೋಡುತ್ತಿರಬೇಕು.

ಇಲ್ಲೊಂದು ವಿಚಿತ್ರವಿದೆ. ನಾವು ಅಳೆಯುವುದು ಮದ್ದನ್ನು, ಕಾಯಿಲೆಯನ್ನಲ್ಲ. ‘ಒಂದು ಸ್ಕ್ಯಾನ್ ಮಾಡ್ಸಿಬುಡಿ ಡಾಕ್ಟ್ರೆ, ಎಷ್ಟಾದ್ರೂ ಆಗ್ಲಿ’ ಎಂದು ಮನೆಯವರು ಎಷ್ಟೇ ಬೇಡಿದರೂ ಬೈಪೋಲಾರನ್ನು ಹಿಡಿದು ತೋರಿಸುವ ಸ್ಕ್ಯಾನಿಲ್ಲ, ರಕ್ತಪರೀಕ್ಷೆಯೂ ಇಲ್ಲ. ವೈದ್ಯರು ಥೈರಾಯ್ಡ್, ಬಿ12 ಎಂದು ಬರೆದುಕೊಡುವುದು ಬೇರೆ ಕಾರಣಗಳನ್ನು ತಳ್ಳಿಹಾಕಲು. ಥೈರಾಯ್ಡ್ ಕುಗ್ಗಿದರೂ ಮನಸ್ಸು ಕುಗ್ಗುತ್ತದೆ. ಮಾಂಸ, ಮೊಟ್ಟೆ ಮುಟ್ಟದೆ ಹಾಲು, ಮೊಸರನ್ನೂ ಕಡಿಮೆ ಮಾಡಿದ ಮೈಸೂರಿನ ಅಗ್ರಹಾರದ ಅಜ್ಜನ ಮರೆವಿಗೆ ಬಿ12 ಕೊರತೆಯೇ ಕಾರಣವಿರಬಹುದು. ಅವು ಸಿಕ್ಕರೆ ಒಂದು ರೀತಿ ಅದೃಷ್ಟ. ಎಲ್ಲ ‘ನಾರ್ಮಲ್’ ಎಂದು ಬಂದ ವರದಿ ಹಿಡಿದು, ‘ಹಾಗಾದ್ರೆ ಕಾಯ್ಲೆ ಇಲ್ವಲ್ಲ’ ಎಂದು ಮಾತ್ರೆ ನಿಲ್ಲಿಸುವವರ ವಿಷಯದಲ್ಲಿ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಪ್ರಯೋಗಾಲಯದ ಕಾಗದವನ್ನು ನಂಬಬೇಕೆಂದು ಅವರಿಗೆ ಕಲಿಸಿದವರು ನಾವೇ ತಾನೆ? ಈ ಕಾಯಿಲೆ ಪತ್ತೆಯಾಗುವುದು ಕೂತು ಕೇಳಿದ ಮಾತಿನಿಂದ: ಎಷ್ಟು ದಿನ ನಿದ್ದೆಯಿಲ್ಲ, ಮನೆತನದಲ್ಲಿ ಯಾರಿಗಿತ್ತು, ಲಾರಿಗೆ ದುಡ್ಡು ಕೊಟ್ಟದ್ದು ಯಾವಾಗ.

ಮಿದುಳಿನಲ್ಲಿ ಲಿಥಿಯಂ ಏನು ಮಾಡುತ್ತದೆ? ಜೀವಕೋಶದೊಳಗೆ ಸಂದೇಶ ದಾಟಿಸುವ ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆಯುತ್ತದೆ, ಇನಾಸಿಟಾಲ್ ಎಂಬ ಅಣುವಿನ ಮರುಬಳಕೆಗೆ ಅಡ್ಡ ಬರುತ್ತದೆ. ಇದರಿಂದ ಮನಸ್ಸು ಹದಕ್ಕೆ ಬರುವುದು ಹೇಗೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಎಲ್ಲರಿಗೂ ಅದು ಹಿಡಿಯುವುದಿಲ್ಲ. ಹಿಡಿದವರಲ್ಲಿ ಮಾತ್ರ ಉಬ್ಬರ, ಇಳಿತ ಎರಡೂ ತಗ್ಗುತ್ತವೆ, ಆತ್ಮಹತ್ಯೆಯ ಅಪಾಯವೂ ತಗ್ಗುತ್ತದೆ.

ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ. ರಾತ್ರಿ ಒಂಬತ್ತಕ್ಕೆ ನುಂಗಿದವನು ಬೆಳಗಿನ ಮೊದಲ ಬಸ್ಸು ಹಿಡಿದು ಪಟ್ಟಣಕ್ಕೆ ಬರುತ್ತಾನೆ, ಬೆಳಗಿನ ಮಾತ್ರೆ ಜೇಬಿನಲ್ಲೇ ಇರುತ್ತದೆ. ಸೂಜಿ ಚುಚ್ಚಿಸಿಕೊಂಡು, ಹತ್ತಿ ಒತ್ತಿ ಹಿಡಿದು, ಎದುರಿನ ಹೋಟೆಲಲ್ಲಿ ಇಡ್ಲಿ ತಿಂದ ಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ದೊಡ್ಡ ಲೋಟದ ತುಂಬ ನೀರು ಕುಡಿಯುತ್ತಾನೆ.